ಮೋಟರ್‌ಹೋಮ್‌ನಲ್ಲಿ ಕುಟುಂಬ ಪ್ರವಾಸ: ಹೊರಡುವ ಮುಂಚಿನ ಲೆಕ್ಕ, ದಾರಿಯಲ್ಲಿನ ಕ್ರಮ

ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು, ಸ್ವಿಚ್ ಒತ್ತಿದರೆ ದೀಪ. ಎಷ್ಟು ಬಳಸಿದೆವು ಎಂದು ಯಾರೂ ಅಳೆಯಲು ಹೋಗುವುದಿಲ್ಲ. ಮಲಗಲು, ಅಡುಗೆಗೆ, ಸ್ನಾನ ಶೌಚಕ್ಕೆ ಒಳಗೇ ವ್ಯವಸ್ಥೆಯಿರುವ ಗಾಡಿಯಾದ ಮೋಟರ್‌ಹೋಮ್‌ನಲ್ಲಿ ಎಲ್ಲಕ್ಕೂ ಮಿತಿಯಿದೆ. ಟೈರು ಹೊರುವ ತೂಕಕ್ಕೆ, ಟ್ಯಾಂಕಿನ ನೀರಿಗೆ, ಬ್ಯಾಟರಿಯ ವಿದ್ಯುತ್ತಿಗೆ, ಸೇತುವೆಯ ಕೆಳಗೆ ನುಸುಳಬಲ್ಲ ಎತ್ತರಕ್ಕೆ. ದಾರಿಯಲ್ಲಿ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಈ ಮಿತಿಗಳಲ್ಲಿ ಒಂದನ್ನು ಲೆಕ್ಕ ಹಾಕದೆ ಹೊರಟದ್ದರಿಂದ ಬಂದವು. ಹಾಗಾಗಿ ಈ ಬರಹದಲ್ಲಿ ಎಲ್ಲಿಗೆ ಹೋಗಬೇಕು, ಏನು ನೋಡಬೇಕು ಎಂಬ ಮಾತಿಲ್ಲ. ಗಾಡಿಯನ್ನೂ ಅದರೊಳಗಿನ ಜನರನ್ನೂ ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬುದಷ್ಟೇ ಇದೆ.

ಗಾಡಿ ಆರಿಸುವಾಗ

ಮೊದಲ ಪ್ರವಾಸಕ್ಕೆ ಕೊಳ್ಳಬೇಡಿ, ಬಾಡಿಗೆಗೆ ತೆಗೆದುಕೊಳ್ಳಿ. ಒಳಾಂಗಣ ಎಷ್ಟೇ ಚೆಂದ ಇರಲಿ, ನಿಮ್ಮ ಮನೆಯವರಿಗೆ ಯಾವ ವಿನ್ಯಾಸ ಒಗ್ಗುತ್ತದೆ ಎಂಬುದು ಎರಡು ರಾತ್ರಿ ಮಲಗಿ ಎದ್ದ ಮೇಲೆಯೇ ತಿಳಿಯುವುದು.

ಜಾಹೀರಾತಿನಲ್ಲಿ ‘ಆರು ಜನರಿಗೆ’ ಎಂದಿದ್ದರೆ ಅದು ಹಾಸಿಗೆಗಳ ಲೆಕ್ಕವಿರಬಹುದು. ನೀವು ಕೇಳಬೇಕಾದದ್ದು ಸೀಟ್‌ಬೆಲ್ಟ್ ಇರುವ ಆಸನಗಳು ಎಷ್ಟು ಎಂದು. ಆರು ಹಾಸಿಗೆ, ನಾಲ್ಕೇ ಬೆಲ್ಟ್ ಇರುವ ಗಾಡಿಗಳು ಬೇಕಾದಷ್ಟಿವೆ. ಅಡ್ಡಲಾಗಿ, ಗೋಡೆಗೆ ಬೆನ್ನು ಹಾಕಿ ಕೂರುವ ಆಸನದಲ್ಲಿ ಮಕ್ಕಳ ಕಾರ್‌ಸೀಟ್ ಅಳವಡಿಸುವಂತಿಲ್ಲ. ಪುಟ್ಟ ಮಕ್ಕಳಿದ್ದರೆ ಕಾರ್‌ಸೀಟನ್ನು ಜೊತೆಗೇ ಒಯ್ದು, ಗಾಡಿ ಪಡೆಯುವ ಜಾಗದಲ್ಲಿಯೇ ಕೂರಿಸಿ ನೋಡಿ. ಮರದ ಪೆಟ್ಟಿಗೆಯ ಮೇಲೆ ದಿಂಬು ಹಾಕಿ ಮಾಡಿದ ಆಸನಗಳಲ್ಲಿ ಕೆಲವು ಕಾರ್‌ಸೀಟ್‌ಗಳು ಗಟ್ಟಿಯಾಗಿ ನಿಲ್ಲುವುದಿಲ್ಲ.

ಹಾಸಿಗೆಗಳ ವಿಷಯದಲ್ಲಿ ನಮ್ಮ ಸಲಹೆ ಒಂದೇ. ಕನಿಷ್ಠ ಮಕ್ಕಳ ಹಾಸಿಗೆಯಾದರೂ ಸ್ಥಿರವಾಗಿರಲಿ. ಊಟದ ಮೇಜನ್ನೇ ಮಡಚಿ ಹಾಸಿಗೆ ಮಾಡುವ ವಿನ್ಯಾಸದಲ್ಲಿ ಮಕ್ಕಳು ಮಲಗಿದ ಮೇಲೆ ದೊಡ್ಡವರಿಗೆ ಕೂರಲು ಜಾಗವೇ ಉಳಿಯುವುದಿಲ್ಲ. ಮೇಲ್ಹಾಸಿಗೆಗೆ ಬೀಳದಂತೆ ತಡೆಯುವ ಬಲೆ ಇರಲೇಬೇಕು.

ಪರವಾನಗಿಯನ್ನೂ ನೋಡಿಕೊಳ್ಳಿ. ಹಲವು ದೇಶಗಳಲ್ಲಿ ಸಾಮಾನ್ಯ ಕಾರಿನ ಪರವಾನಗಿಯಲ್ಲಿ ಓಡಿಸಬಹುದಾದದ್ದು 3500 ಕೆ.ಜಿ. ವರೆಗಿನ ವಾಹನ ಮಾತ್ರ. ಕಾರಿನ ಹಿಂದೆ ಎಳೆಯುವ ಕ್ಯಾರವಾನ್‌ಗೆ ಬೇರೆಯದೇ ನಿಯಮ ಇರಬಹುದು.

ಬಾಡಿಗೆ ಗಾಡಿಯನ್ನು ಒಪ್ಪಿಸಿಕೊಳ್ಳುವಾಗ ಒಂದೂವರೆ ಗಂಟೆ ಮೀಸಲಿಡಿ. ಹೊರಗೆ, ಒಳಗೆ, ಮುಖ್ಯವಾಗಿ ಚಾವಣಿಯ ಅಂಚುಗಳನ್ನು ವಿಡಿಯೊ ಮಾಡಿಕೊಳ್ಳಿ. ವಿಮೆಯಲ್ಲಿ ಚಾವಣಿಗೆ, ಗಾಡಿಯ ತಳಕ್ಕೆ, ಟೈರಿಗೆ, ಗಾಜಿಗೆ ಆಗುವ ಹಾನಿ ಸೇರಿದೆಯೇ ಎಂದು ಕೇಳಿ. ಬಹಳ ಸಲ ಚಾವಣಿ ಸೇರಿರುವುದಿಲ್ಲ, ಅಪಘಾತವಾಗುವುದೋ ಅಲ್ಲಿಯೇ. ನಂತರ ಅವರು ತೋರಿಸಿದ್ದನ್ನು ಬರಿದೇ ನೋಡದೆ ನೀವೇ ಮಾಡಿ. ಶೌಚದ ಕ್ಯಾಸೆಟ್ (ಶೌಚಾಲಯದ ಕೆಳಗಿನ, ಹೊರಗೆಳೆಯಬಹುದಾದ ತೊಟ್ಟಿ) ಹೊರಗೆಳೆದು ಮತ್ತೆ ಕೂರಿಸಿ, ಬಾಯ್ಲರ್ ಹೊತ್ತಿಸಿ, ಫ್ರಿಜ್ ನಡೆಯುವ ಮೂಲವನ್ನು (ಗ್ಯಾಸ್, ವಿದ್ಯುತ್) ಬದಲಿಸಿ, ಗಾಡಿಯ ಪಕ್ಕಕ್ಕೆ ಚಾಚುವ ಬಟ್ಟೆಯ ಚಪ್ಪರವಾದ ಆನಿಂಗ್ ಬಿಚ್ಚಿ ಮಡಚಿ. ಹೆಚ್ಚುವರಿ ಚಕ್ರ ಇದೆಯೇ, ಬರೀ ಟೈರ್ ರಿಪೇರಿ ದ್ರಾವಣದ ಡಬ್ಬಿ ಇದೆಯೇ ಎಂದು ನೋಡಿ. ಆ ದ್ರಾವಣ ಮೊಳೆ ಚುಚ್ಚಿದ ತೂತನ್ನು ಮುಚ್ಚೀತು, ಟೈರಿನ ಪಕ್ಕೆ ಹರಿದರೆ ಅದರಿಂದ ಪ್ರಯೋಜನವಿಲ್ಲ.

ತೂಕ: ಎಲ್ಲರೂ ಮರೆಯುವ ಲೆಕ್ಕ

ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ಟಿನ ಕೆಳಗೋ ಒಂದು ಫಲಕ ಇರುತ್ತದೆ. ಅದರಲ್ಲಿ ಗಾಡಿಯ ಗರಿಷ್ಠ ಒಟ್ಟು ತೂಕವೂ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ (ಚಕ್ರಜೋಡಿಯ ಅಚ್ಚುಗಳ) ಮಿತಿಯೂ ಇರುತ್ತವೆ. ಗರಿಷ್ಠ ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದಷ್ಟೇ ನಿಮ್ಮ ಪಾಲು.

ಒಂದು ಉದಾಹರಣೆ ನೋಡೋಣ. ಗರಿಷ್ಠ 3500 ಕೆ.ಜಿ., ಇಂಧನ ತುಂಬಿದ ಗಾಡಿಯ ತೂಕ 2980. ಉಳಿದದ್ದು 520 ಕೆ.ಜಿ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಸೇರಿ 220. ನೂರು ಲೀಟರ್ ನೀರು ಎಂದರೆ ನೂರು ಕೆ.ಜಿ. ಎರಡು ಗ್ಯಾಸ್ ಸಿಲಿಂಡರ್ 45. ಆನಿಂಗ್ 30. ನಾಲ್ಕು ಸೈಕಲ್, ಅವುಗಳ ಸ್ಟ್ಯಾಂಡ್ ಸೇರಿ 60. ಅಲ್ಲಿಗೆ 455 ಆಯಿತು. ಬಟ್ಟೆ, ಹಾಸಿಗೆ, ಪಾತ್ರೆ, ದಿನಸಿ, ಮಡಚುವ ಕುರ್ಚಿ ಮೇಜು, ಉಪಕರಣ ಎಲ್ಲಕ್ಕೂ ಸೇರಿ ಉಳಿದದ್ದು ಬರೀ 65 ಕೆ.ಜಿ. ಕಪಾಟುಗಳಲ್ಲಿ ಇನ್ನೂ ಜಾಗ ಕಾಣುತ್ತಿರುತ್ತದೆ, ತೂಕ ಮಾತ್ರ ಆಗಲೇ ಮುಗಿದಿರುತ್ತದೆ.

ಒಟ್ಟು ತೂಕ ಸರಿಯಿದ್ದರೂ ಒಂದು ಆಕ್ಸಲ್ ಮಿತಿ ಮೀರಿರಬಹುದು. ಸೈಕಲ್‌ಗಳನ್ನು ಹಿಂದೆ ನೇತುಹಾಕಿದಾಗ ಆಗುವುದು ಇದೇ. ಹಿಂದಿನ ಆಕ್ಸಲ್‌ನಿಂದ 2 ಮೀಟರ್ ಹಿಂದಕ್ಕೆ 60 ಕೆ.ಜಿ. ತೂಗುತ್ತಿದ್ದು, ಎರಡು ಆಕ್ಸಲ್‌ಗಳ ನಡುವಿನ ದೂರ 4 ಮೀಟರ್ ಇದ್ದರೆ, ಸನ್ನೆಕೋಲಿನ ಲೆಕ್ಕದಂತೆ ಹಿಂದಿನ ಆಕ್ಸಲ್ ಮೇಲೆ 90 ಕೆ.ಜಿ. ಬೀಳುತ್ತದೆ, ಮುಂದಿನದರಿಂದ 30 ಕೆ.ಜಿ. ಇಳಿಯುತ್ತದೆ. ಮುಂದಿನ ಚಕ್ರಗಳಿಂದ ಓಡುವ ಗಾಡಿಯಾದರೆ ಒದ್ದೆ ಹುಲ್ಲಿನಲ್ಲಿ, ಕಡಿದಾದ ಏರಿನಲ್ಲಿ ಚಕ್ರ ಜಾರುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಎಲ್ಲ ತುಂಬಿ, ಎಲ್ಲರೂ ಕುಳಿತು, ಹೊರಡುವ ಮುಂಚೆ ಒಮ್ಮೆ ವಾಹನಗಳನ್ನು ತೂಗುವ ವೇಬ್ರಿಡ್ಜ್‌ಗೆ ಹೋಗಿ. ಮೊದಲು ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ತೂಗಿ, ನಂತರ ಇಡೀ ಗಾಡಿ, ಆಮೇಲೆ ಹಿಂದಿನ ಚಕ್ರಗಳು ಮಾತ್ರ. ಹೆಚ್ಚಾಗಿದ್ದರೆ ಮೊದಲು ಕಡಿಮೆ ಮಾಡಬಹುದಾದದ್ದು ನೀರು. ತಂಗುವ ಜಾಗದಲ್ಲಿ ನೀರು ಸಿಗುವುದು ಖಚಿತವಿದ್ದರೆ 20–30 ಲೀಟರ್ ಇಟ್ಟುಕೊಂಡು ಹೋದರೆ ಸಾಕು. ಬಳಸಿದ ನೀರಿನ ಟ್ಯಾಂಕ್ ಅಂತೂ ಖಾಲಿಯಾಗಿಯೇ ಇರಬೇಕು. ಕೊಳೆನೀರನ್ನು ಹೊತ್ತು ತಿರುಗುವುದರಲ್ಲಿ ಅರ್ಥವಿಲ್ಲ.

ಭಾರದ ಸಾಮಾನು ಆದಷ್ಟು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ ಇರಲಿ. ತಲೆಯ ಮೇಲಿನ ಕಪಾಟಿನಲ್ಲಿ ಬಟ್ಟೆ, ಬ್ರೆಡ್ಡಿನಂಥ ಹಗುರ ವಸ್ತು ಮಾತ್ರ. ಕ್ಯಾರವಾನ್ ಆದರೆ ಭಾರವನ್ನು ಅದರ ಆಕ್ಸಲ್‌ನ ಮೇಲೆ, ತುಸು ಮುಂದಕ್ಕೆ ಇಡಿ. ಕೊಂಡಿಯ ಮೇಲೆ ಬೀಳುವ ಮೂಗಿನ ಭಾರ ಯುರೋಪಿನ ಪದ್ಧತಿಯಲ್ಲಿ ಒಟ್ಟು ತೂಕದ ಸುಮಾರು 5ರಿಂದ 7 ಶೇಕಡಾ, ಉತ್ತರ ಅಮೆರಿಕದಲ್ಲಿ 10ರಿಂದ 15 ಶೇಕಡಾ. ಕಾರು ಮತ್ತು ಕೊಂಡಿ ಹೊರಬಲ್ಲ ಮಿತಿಯನ್ನು ಅದು ಮೀರಬಾರದು. ಮೂಗು ಹಗುರವಾಗಿ ಹಿಂಭಾಗ ಭಾರವಾದರೆ ವೇಗದಲ್ಲಿ ಕ್ಯಾರವಾನ್ ಬಾಲದಂತೆ ಅಲ್ಲಾಡತೊಡಗುತ್ತದೆ.

ಟೈರು

ಮೋಟರ್‌ಹೋಮ್‌ನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ವರ್ಷದ ಬಹುಭಾಗ ಬಿಸಿಲಿನಲ್ಲಿ ಒಂದೇ ಕಡೆ ನಿಂತು, ರಬ್ಬರು ಒಣಗಿ, ಪಕ್ಕೆಯಲ್ಲಿ ಕೂದಲಿನಂಥ ಬಿರುಕು ಬಿಡುತ್ತದೆ. ಮೇಲ್ಮೈ ನಕ್ಷೆ ಹೊಸದರಂತೆ ಕಾಣುತ್ತಿದ್ದರೂ ನಂಬಬೇಡಿ. ಪಕ್ಕೆಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಐದು ವರ್ಷ ದಾಟಿದ್ದರೆ ಎಚ್ಚರದಿಂದ ಪರೀಕ್ಷಿಸಿ, ಏಳು ದಾಟಿದ್ದರೆ ಬದಲಿಸಿ.

ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಓಡುವ ಮುಂಚೆ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ ತಣ್ಣಗಾದಾಗ ಕಡಿಮೆಯಾಗುತ್ತದೆ. ಕಡಿಮೆ ಗಾಳಿಯ ಟೈರು ಉರುಳುವಾಗ ಹೆಚ್ಚು ಬಾಗಿ, ಒಳಗೇ ಕಾದು, ಕೊನೆಗೆ ಸಿಡಿಯುತ್ತದೆ. ಹೆಚ್ಚು ತೂಕ, ಕಡಿಮೆ ಗಾಳಿ, ಬಿಸಿ ರಸ್ತೆ ಒಟ್ಟಾದಾಗ ಅಪಾಯ ಹಲವು ಪಟ್ಟು. ಚಕ್ರ ಬದಲಿಸಿದ್ದರೆ ಸುಮಾರು 50 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಿ.

ಒಂದು ರಾತ್ರಿ ಮನೆಯಂಗಳದಲ್ಲಿ

ಹೊರಡುವ ಒಂದು ವಾರ ಮೊದಲು ಗಾಡಿಯನ್ನು ಮನೆಯ ಮುಂದೆಯೋ, ಇಂಥ ಗಾಡಿಗಳು ರಾತ್ರಿ ನಿಲ್ಲುವ ಹತ್ತಿರದ ತಂಗುದಾಣದಲ್ಲೋ ನಿಲ್ಲಿಸಿ, ಎಲ್ಲರೂ ಅದರಲ್ಲೇ ಅಡುಗೆ ಮಾಡಿ, ಸ್ನಾನ ಮಾಡಿ, ಮಲಗಿ. ಮನೆಯೊಳಕ್ಕೆ ಏನಾದರೂ ತರಲು ಓಡಿದಾಗಲೆಲ್ಲ ಅದನ್ನು ಬರೆದಿಡಿ. ಆ ಚೀಟಿಯೇ ನಿಮ್ಮ ನಿಜವಾದ ಸಾಮಾನಿನ ಪಟ್ಟಿ. ಮರುದಿನ ಬೆಳಿಗ್ಗೆ ಮುಟ್ಟದೆ ಉಳಿದದ್ದನ್ನೆಲ್ಲ ಕೆಳಗಿಳಿಸಿ. ನೀರು ಎಷ್ಟು ಖರ್ಚಾಯಿತು, ಬ್ಯಾಟರಿ ಎಷ್ಟು ಇಳಿಯಿತು ಎಂಬುದೂ ಅಂದೇ ತಿಳಿಯುತ್ತದೆ. ಈ ಒಂದು ರಾತ್ರಿಯನ್ನು ದಯವಿಟ್ಟು ತಪ್ಪಿಸಬೇಡಿ. ಬಾಡಿಗೆ ಗಾಡಿಯಾದರೆ ಮೊದಲ ರಾತ್ರಿಯನ್ನು ಗಾಡಿ ಪಡೆದ ಜಾಗದಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ ಕಳೆಯಿರಿ. ಏನಾದರೂ ಕೆಲಸ ಮಾಡದಿದ್ದರೆ ಹಿಂತಿರುಗಿ ಕೇಳಬಹುದು.

ನೀರು ಮತ್ತು ಶೌಚ

ಹಲವು ತಿಂಗಳು ನಿಂತಿದ್ದ ಗಾಡಿಯ ನೀರಿನ ಟ್ಯಾಂಕನ್ನು ಶುದ್ಧಗೊಳಿಸದೆ ಬಳಸಬಾರದು. ಸುವಾಸನೆ ಬೆರೆಸದ, 5 ಶೇಕಡಾದ ಮನೆಬಳಕೆಯ ಬ್ಲೀಚ್ ಅನ್ನು ಪ್ರತಿ ಲೀಟರ್ ನೀರಿಗೆ 1 ಮಿ.ಲೀ. ಲೆಕ್ಕದಲ್ಲಿ ತೆಗೆದುಕೊಳ್ಳಿ. ನೂರು ಲೀಟರ್ ಟ್ಯಾಂಕಿಗೆ ನೂರು ಮಿ.ಲೀ. ಅದನ್ನು ಮೊದಲು ಒಂದು ಬಕೆಟ್ ನೀರಿನಲ್ಲಿ ಕರಗಿಸಿ ಟ್ಯಾಂಕಿಗೆ ಸುರಿದು, ಟ್ಯಾಂಕ್ ಪೂರ್ತಿ ತುಂಬಿಸಿ. ನೀರಿನ ಫಿಲ್ಟರ್ ಇದ್ದರೆ ಅದರ ಕಾರ್ಟ್ರಿಜ್ ತೆಗೆದಿಡಿ. ಒಂದೊಂದೇ ನಲ್ಲಿ ತೆರೆದು, ತಣ್ಣೀರಿನದೂ ಬಿಸಿನೀರಿನದೂ, ಬ್ಲೀಚಿನ ವಾಸನೆ ಬರುವ ತನಕ ಹರಿಸಿ ಮುಚ್ಚಿ. ಹನ್ನೆರಡು ಗಂಟೆ ಬಿಡಿ. ನಂತರ ಬಾಯ್ಲರ್ ಸಮೇತ ಪೂರ್ತಿ ಬರಿದು ಮಾಡಿ, ಶುದ್ಧ ನೀರು ತುಂಬಿ ಬಿಡುವುದನ್ನು ವಾಸನೆ ಹೋಗುವವರೆಗೆ, ಕನಿಷ್ಠ ಎರಡು ಸಲ, ಮಾಡಿ.

ಕುಡಿಯುವ ನೀರು ತುಂಬುವ ಪೈಪು ಬೇರೆಯೇ ಇರಬೇಕು. ಅದರ ಎರಡು ತುದಿಗಳನ್ನೂ ಸೇರಿಸಿ ಮುಚ್ಚಿ, ಶೌಚದ ಸಾಮಾನು ಇಡುವ ಪೆಟ್ಟಿಗೆಯಿಂದ ದೂರ ಇಡಿ. ತಂಗುದಾಣದ ನಲ್ಲಿಗೆ ಪೈಪನ್ನು ನೇರವಾಗಿ ಜೋಡಿಸುವ ಗಾಡಿಯಾದರೆ ನಡುವೆ ಒತ್ತಡ ನಿಯಂತ್ರಕ ಇರಲಿ. ಒಳಗಿನ ಪ್ಲಾಸ್ಟಿಕ್ ಕೊಳವೆಗಳಿಗೆ 3 ಬಾರ್ ಆಸುಪಾಸಿನ ಒತ್ತಡ ಸಾಕು, ಅದಕ್ಕಿಂತ ಬಹಳ ಹೆಚ್ಚಾದರೆ ಕೀಲುಗಳು ಬಿಟ್ಟುಕೊಂಡು ನೆಲದಡಿ ಸದ್ದಿಲ್ಲದೆ ಸೋರುತ್ತವೆ.

ನಾಲ್ವರ ಕುಟುಂಬ ಮಿತವಾಗಿ ಬಳಸಿದರೂ ದಿನಕ್ಕೆ 60–70 ಲೀಟರ್ ಖರ್ಚಾಗುತ್ತದೆ. ಅದರಲ್ಲಿ ಅರ್ಧದಷ್ಟು ಸ್ನಾನಕ್ಕೆ. ಮೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಆಮೇಲೆ ತೊಳೆದುಕೊಂಡರೆ ಒಬ್ಬರಿಗೆ 8 ಲೀಟರ್ ಸಾಕು. ಹಲವು ಗಾಡಿಗಳ ಬಾಯ್ಲರ್ ಹಿಡಿಯುವುದು 10 ಲೀಟರ್ ಮಾತ್ರ. ತಣ್ಣೀರು ಬೆರೆಸಿದರೆ ಇಬ್ಬರ ಸ್ನಾನವಾಗುತ್ತದೆ, ಆಮೇಲೆ ಅರ್ಧ ಗಂಟೆ ಕಾಯಬೇಕು. ಮೊದಲ ಸರದಿ ಮಕ್ಕಳದಾಗಲಿ. ಬಾಯ್ಲರ್‌ನಲ್ಲಿ ನೀರಿಲ್ಲದೆ ಅದನ್ನು ಎಂದೂ ಹೊತ್ತಿಸಬೇಡಿ. ವಿದ್ಯುತ್ ಸುರುಳಿ ಇರುವ ಬಾಯ್ಲರ್ ಒಣಗಿ ಕಾದರೆ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಬಿಸಿನೀರಿನ ನಲ್ಲಿಯಿಂದ ಗಾಳಿ ಸಿಡಿಯದೆ ಒಂದೇ ಧಾರೆ ಬಂದರೆ ಬಾಯ್ಲರ್ ತುಂಬಿದೆ ಎಂದರ್ಥ.

ಕ್ಯಾಸೆಟ್ ಶೌಚಾಲಯದ ತೊಟ್ಟಿ 15ರಿಂದ 20 ಲೀಟರ್ ಹಿಡಿಯುತ್ತದೆ. ನಾಲ್ವರಿಗೆ ಸುಮಾರು ಎರಡು ದಿನ. ಖಾಲಿ ಕ್ಯಾಸೆಟ್‌ಗೆ ಮೊದಲೇ ಎರಡು ಲೀಟರ್ ನೀರು, ಡಬ್ಬಿಯ ಮೇಲೆ ಹೇಳಿದಷ್ಟು ಶೌಚದ್ರಾವಣ ಹಾಕಿ. ಕಾಗದ ಬಳಸುವುದಾದರೆ ಬೇಗ ಕರಗುವ ಜಾತಿಯದನ್ನೇ ಬಳಸಿ. ಒದ್ದೆ ಒರೆಸುಬಟ್ಟೆ ಕರಗುವುದೇ ಇಲ್ಲ, ತೊಟ್ಟಿಯ ಬಾಯಿಯಲ್ಲಿ ಸಿಕ್ಕಿ ಮುಚ್ಚಳವನ್ನು ಕೆಡಿಸುತ್ತದೆ. ಹೊರಗೆಳೆಯುವ ಮುಂಚೆ ಒಳಗಿನ ಮುಚ್ಚಳ ಪೂರ್ತಿ ಮುಚ್ಚಿದೆಯೇ ನೋಡಿ. ಸುರಿಯುವಾಗ ಗಾಳಿ ಬಿಡುವ ಗುಂಡಿಯನ್ನು ಒತ್ತಿ ಹಿಡಿದರೆ ಗೊಳಗೊಳ ಎಂದು ಸಿಡಿಯದೆ ಸರಾಗವಾಗಿ ಹರಿಯುತ್ತದೆ. ಇದಕ್ಕೆಂದೇ ಇರುವ ಜಾಗ ಬಿಟ್ಟು ಬೇರೆಲ್ಲೂ ಸುರಿಯಬೇಡಿ. ಆ ರಾಸಾಯನಿಕ ಮಣ್ಣಿಗೂ ಕೆರೆಗೂ ವಿಷ.

ದೊಡ್ಡ ಗಾಡಿಗಳಲ್ಲಿ ಶೌಚಕ್ಕೂ ಬಳಸಿದ ನೀರಿಗೂ ಬೇರೆಬೇರೆ ಸ್ಥಿರ ಟ್ಯಾಂಕುಗಳಿರುತ್ತವೆ. ಅಲ್ಲಿ ಶೌಚದ ಟ್ಯಾಂಕಿನ ಕವಾಟವನ್ನು ತಂಗಿರುವಷ್ಟು ಕಾಲವೂ ತೆರೆದೇ ಇಡುವವರಿದ್ದಾರೆ. ದ್ರವವೆಲ್ಲ ಹರಿದುಹೋಗಿ, ಗಟ್ಟಿ ಪದಾರ್ಥ ಗೋಪುರದಂತೆ ಕಟ್ಟಿಕೊಂಡು, ಒಣಗಿ ಕಲ್ಲಾಗುತ್ತದೆ. ಕವಾಟ ಮುಚ್ಚಿಯೇ ಇರಲಿ. ಮೂರನೇ ಎರಡು ಭಾಗ ತುಂಬಿದಾಗ ಕೈಗವಸು ತೊಟ್ಟು, ಪೈಪು ಜೋಡಿಸಿ, ಮೊದಲು ಶೌಚದ ಟ್ಯಾಂಕ್ ಬಿಡಿ. ಅದು ಮುಗಿದು ಕವಾಟ ಮುಚ್ಚಿದ ಮೇಲೆ ಸೋಪುನೀರಿನ ಟ್ಯಾಂಕ್ ಬಿಡಿ. ಆ ನೀರು ಪೈಪನ್ನು ತಾನೇ ತೊಳೆಯುತ್ತದೆ.

ವಿದ್ಯುತ್

ಗಾಡಿಯಲ್ಲಿ ಎರಡು ಬಗೆಯ ವಿದ್ಯುತ್ ಇದೆ. ದೀಪ, ನೀರಿನ ಪಂಪು, ಹೀಟರಿನ ಫ್ಯಾನ್ 12 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತವೆ. ಎ.ಸಿ., ಕೆಟಲ್, ಮೈಕ್ರೊವೇವ್ ನಡೆಯುವುದು ಹೊರಗಿನ ಸಂಪರ್ಕ ಕೊಟ್ಟಾಗ.

ನೂರು ಆಂಪ್-ಅವರ್‌ನ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ) ಸೀಸದ ಬ್ಯಾಟರಿಯಲ್ಲಿ ಬಳಸಬಹುದಾದದ್ದು ಅರ್ಧ, ಅಂದರೆ 50. ಪದೇಪದೇ ಅದಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ಲಿಥಿಯಂ ಆದರೆ 80–90 ಬಳಸಬಹುದು. ಕಂಪ್ರೆಸರ್ ಫ್ರಿಜ್ ಒಂದೇ ದಿನಕ್ಕೆ ಸುಮಾರು 40 ನುಂಗುತ್ತದೆ. ದೀಪ, ಪಂಪು, ಫೋನ್ ಚಾರ್ಜ್ ಸೇರಿ ಇನ್ನೊಂದು 15. ಚಳಿಯಲ್ಲಿ ಹೀಟರಿನ ಫ್ಯಾನ್ ಮತ್ತೆ ಹತ್ತು. ಲೆಕ್ಕ ಅಲ್ಲಿಗೇ ತಪ್ಪಿತು. ನೂರು ವ್ಯಾಟಿನ ಸೌರಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 25–30 ಆಂಪ್-ಅವರ್ ಮರಳಿಸುತ್ತದೆ, ಮರದ ನೆರಳಲ್ಲಿ ನಿಂತರೆ ಅದರ ಸಣ್ಣ ಪಾಲು ಮಾತ್ರ. ಹೊರಸಂಪರ್ಕವಿಲ್ಲದೆ ಎರಡು ರಾತ್ರಿ ಕಳೆಯುವ ಯೋಚನೆಯಿದ್ದರೆ ಈ ಸಂಕಲನವನ್ನು ನಿಮ್ಮ ಗಾಡಿಯ ಅಂಕಿಗಳಿಂದ ಮಾಡಿ ನೋಡಿ. ವಿಶ್ರಾಂತಿಯಲ್ಲಿರುವ ಸೀಸದ ಬ್ಯಾಟರಿ 12.7 ವೋಲ್ಟ್ ತೋರಿದರೆ ತುಂಬಿದೆ, 12.2ಕ್ಕೆ ಇಳಿದರೆ ಅರ್ಧ.

ಇನ್ವರ್ಟರ್ ಇದೆ ಎಂದು ಎರಡು ಸಾವಿರ ವ್ಯಾಟಿನ ಕೆಟಲ್ ಹಾಕಬೇಡಿ. ಆ ಹೊತ್ತಿನಲ್ಲಿ ಬ್ಯಾಟರಿಯಿಂದ 170 ಆಂಪಿಗೂ ಹೆಚ್ಚು ಹರಿಯಬೇಕಾಗುತ್ತದೆ. ನೀರು ಕಾಯಿಸಲು ಗ್ಯಾಸ್ ಒಲೆಯೇ ಮೇಲು.

ತಂಗುದಾಣದ ವಿದ್ಯುತ್ ಕಂಬದಿಂದ ಸಿಗುವ ಸಂಪರ್ಕಕ್ಕೂ ಮಿತಿಯಿದೆ. 230 ವೋಲ್ಟಿನಲ್ಲಿ 6 ಆಂಪ್ ಎಂದರೆ 1380 ವ್ಯಾಟ್, 10 ಆಂಪ್ 2300, 16 ಆಂಪ್ 3680. ಉತ್ತರ ಅಮೆರಿಕದ 120 ವೋಲ್ಟ್, 30 ಆಂಪ್ ಸಂಪರ್ಕ 3600 ವ್ಯಾಟ್. ಆರು ಆಂಪಿನ ಕಂಬದಲ್ಲಿ ಎ.ಸಿ. ಓಡುತ್ತಿರುವಾಗ ಕೆಟಲ್ ಹಾಕಿದರೆ ಕಂಬದ ಸ್ವಿಚ್ ಬೀಳುತ್ತದೆ. ರಾತ್ರಿ ಕಚೇರಿ ಮುಚ್ಚಿದ ಮೇಲೆ ಬಿದ್ದರೆ ಬೆಳಗಿನವರೆಗೆ ಕತ್ತಲೆ.

ಜೋಡಿಸುವಾಗ ಕೇಬಲ್ಲನ್ನು ಮೊದಲು ಗಾಡಿಗೆ, ಆಮೇಲೆ ಕಂಬಕ್ಕೆ ಹಾಕಿ. ಬಿಚ್ಚುವಾಗ ಮೊದಲು ಕಂಬದಿಂದ. ಹೀಗೆ ಮಾಡಿದರೆ ವಿದ್ಯುತ್ ಹರಿಯುವ ತುದಿ ಎಂದೂ ನಿಮ್ಮ ಕೈಯಲ್ಲಿ ಇರುವುದಿಲ್ಲ. ಹತ್ತೇ ಮೀಟರ್ ಬೇಕಿದ್ದರೂ ಕೇಬಲ್ ಸುರುಳಿಯನ್ನು ಪೂರ್ತಿ ಬಿಚ್ಚಿ ಗಾಡಿಯ ಕೆಳಗೆ ಸಡಿಲವಾಗಿ ಹರಡಿ. ಸುತ್ತಿದ ಸುರುಳಿಯಲ್ಲಿ ಶಾಖ ಹೊರಹೋಗಲಾರದೆ ಪ್ಲಾಸ್ಟಿಕ್ ಕರಗಿ ಬೆಂಕಿಯಾಗುತ್ತದೆ.

ಗ್ಯಾಸ್ ಮತ್ತು ಫ್ರಿಜ್

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೇ ನೆಲದಲ್ಲಿ, ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ತೂತುಗಳಿರುತ್ತವೆ. ಚಳಿ ಬರುತ್ತದೆ ಎಂದು ಅವನ್ನು ಮುಚ್ಚಬಾರದು. ಅನಿಲ ಸೋರಿಕೆಯ ಅಲಾರಂ ನೆಲದ ಹತ್ತಿರ ಇರಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆ, ಅದು ಮಲಗುವವರ ಉಸಿರಿನ ಎತ್ತರದಲ್ಲಿ ಇರಬೇಕು. ಎರಡೂ ಬೇಕು, ಎರಡರ ಬ್ಯಾಟರಿಯನ್ನೂ ಪರೀಕ್ಷಿಸಬೇಕು. ಒಳಗೆ ಬೆಚ್ಚಗಾಗಲೆಂದು ಅಡುಗೆ ಒಲೆ ಉರಿಸಿಡುವುದು, ಕೆಂಡದ ಒಲೆಯನ್ನು ಆರಿತೆಂದು ಒಳಗೆ ತರುವುದು ಜೀವಕ್ಕೆ ಎರವಾಗುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರಿಗೆ ಅದು ತಿಳಿಯುವುದೇ ಇಲ್ಲ.

ಸಿಲಿಂಡರ್ ಬದಲಿಸಿದಾಗ ಜೋಡಣೆಗೆ ಸೋಪುನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ರಬ್ಬರ್ ಕೊಳವೆಯ ಮೇಲೆ ದಿನಾಂಕ ಅಚ್ಚಾಗಿರುತ್ತದೆ, ಅವಧಿ ಮುಗಿದಿದ್ದರೆ ಬದಲಿಸಿ. ಚಳಿ ಪ್ರದೇಶಕ್ಕೆ ಹೊರಟಿದ್ದರೆ ಪ್ರೊಪೇನ್ ಸಿಲಿಂಡರ್ ತೆಗೆದುಕೊಳ್ಳಿ. ಬ್ಯುಟೇನ್ 0 ಡಿಗ್ರಿಯ ಹತ್ತಿರ ಅನಿಲವಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್‌ಗೆ ಆ ಮಿತಿ ಮೈನಸ್ 42 ಡಿಗ್ರಿ. ಪೆಟ್ರೋಲ್ ಬಂಕ್ ಹೊಗುವ ಮುಂಚೆ ಫ್ರಿಜ್‌ನ ಗ್ಯಾಸ್ ಜ್ವಾಲೆಯೂ ಸೇರಿ ಎಲ್ಲವನ್ನೂ ಆರಿಸಬೇಕು.

ಗ್ಯಾಸಿನಿಂದಲೂ ನಡೆಯುವ ಫ್ರಿಜ್ ಇದ್ದರೆ ಅದರಲ್ಲಿ ಕಂಪ್ರೆಸರ್ ಇರುವುದಿಲ್ಲ. ಅಮೋನಿಯಾ ದ್ರವ ಕೊಳವೆಗಳಲ್ಲಿ ತನ್ನಷ್ಟಕ್ಕೆ ಇಳಿದು ತಿರುಗುತ್ತಿರಬೇಕು. ಗಾಡಿ ಮೂರು ಡಿಗ್ರಿಗಿಂತ ಹೆಚ್ಚು ವಾಲಿ ಗಂಟೆಗಟ್ಟಲೆ ನಿಂತರೆ ಆ ಹರಿವು ಕಟ್ಟಿಕೊಂಡು ಫ್ರಿಜ್ ತಣ್ಣಗಾಗುವುದಿಲ್ಲ, ಪದೇಪದೇ ಹೀಗಾದರೆ ಶಾಶ್ವತವಾಗಿ ಕೆಡುತ್ತದೆ. ಇಂಥ ಫ್ರಿಜ್ ಬಹಳ ನಿಧಾನ. ಹಿಂದಿನ ರಾತ್ರಿಯೇ ಹೊರಗಿನ ವಿದ್ಯುತ್ತಿನಲ್ಲಿ ಚಾಲೂ ಮಾಡಿ, ಮೊದಲೇ ತಣ್ಣಗಾದ ಪದಾರ್ಥಗಳನ್ನು ಮಾತ್ರ ಇಡಿ. 12 ವೋಲ್ಟಿನಲ್ಲಿ ಅದು 10ರಿಂದ 15 ಆಂಪ್ ಎಳೆಯುವುದರಿಂದ ಎಂಜಿನ್ ಓಡುವಾಗ ಮಾತ್ರ ಆ ಮೂಲ ಬಳಸಿ.

ಬಾಗಿಲ ಬಳಿ ಬೆಂಕಿನಂದಕ, ಒಲೆಯ ಹತ್ತಿರ ಬೆಂಕಿ ಮುಚ್ಚುವ ಹೊದಿಕೆ ಇರಲಿ. ಹಿಂದೆ ಮಲಗುವ ಮಕ್ಕಳಿಗೆ ತುರ್ತು ಕಿಟಕಿ ಯಾವುದು, ಚಿಲಕ ಹೇಗೆ ತೆಗೆಯುವುದು ಎಂದು ಕತ್ತಲೆಯಲ್ಲಿ ಒಮ್ಮೆ ಮಾಡಿಸಿ.

ಓಡಿಸುವುದು

ಗಾಡಿಯ ಎತ್ತರವನ್ನು ಟೇಪಿನಿಂದ ಅಳೆಯಿರಿ. ದಾಖಲೆಯಲ್ಲಿ ಬರೆದ ಎತ್ತರದಲ್ಲಿ ನಂತರ ಕೂರಿಸಿದ ಎ.ಸಿ., ಆಂಟೆನಾ, ಸೌರಫಲಕ ಸೇರಿರುವುದಿಲ್ಲ. ಆ ಸಂಖ್ಯೆಯನ್ನು ಮೀಟರ್‌ನಲ್ಲೂ ಅಡಿಯಲ್ಲೂ ದೊಡ್ಡದಾಗಿ ಬರೆದು ಸ್ಟೇರಿಂಗ್ ಮುಂದೆ ಅಂಟಿಸಿ. ಫೋನಿನ ನಕ್ಷೆ ಕಾರಿನ ದಾರಿ ತೋರುತ್ತದೆ, ತಗ್ಗು ಸೇತುವೆ, ಕಿರಿದಾದ ಊರೊಳಗಿನ ಬೀದಿ ಅದಕ್ಕೆ ಲೆಕ್ಕವಿಲ್ಲ. ಎತ್ತರ, ತೂಕ ನಮೂದಿಸಬಹುದಾದ ನಕ್ಷೆ ಬಳಸಿ. ಬಂಕಿನ ಚಾವಣಿ, ವಾಹನ ನಿಲುಗಡೆಯ ಕಮಾನು, ರಸ್ತೆಗೆ ಬಾಗಿದ ಕೊಂಬೆಗಳ ಮೇಲೂ ಕಣ್ಣಿರಲಿ.

ಹಿಂದಿನ ಚಕ್ರಗಳಾಚೆ ಗಾಡಿ ಎರಡು ಮೀಟರ್ ಚಾಚಿದ್ದರೆ, ಬಲಕ್ಕೆ ಗಕ್ಕನೆ ತಿರುಗಿದಾಗ ಹಿಂಬದಿಯ ಎಡಮೂಲೆ ಎಡಕ್ಕೆ ಬೀಸುತ್ತದೆ. ಬಂಕಿನ ಕಂಬಕ್ಕೆ ಗಾಡಿ ಉಜ್ಜುವುದು ಹೀಗೆಯೇ. ಖಾಲಿ ಮೈದಾನದಲ್ಲಿ ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟು, ಎಷ್ಟು ಬೀಸುತ್ತದೆ ಎಂದು ನೋಡಿಕೊಳ್ಳಿ. ಅರ್ಧ ಗಂಟೆಯ ಅಭ್ಯಾಸ ಸಾಕು. ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ನಿಲ್ಲಲೇಬೇಕು, ಚಾಲಕರ ಕನ್ನಡಿಯಲ್ಲಿ ಕಾಣುವಂತೆ. ನಿಂತವರು ಕನ್ನಡಿಯಿಂದ ಮರೆಯಾದ ಕ್ಷಣ ಗಾಡಿ ನಿಲ್ಲಬೇಕು. ಕೈಸನ್ನೆಗಳನ್ನು ಮೊದಲೇ ಒಪ್ಪಿಕೊಂಡಿರಿ, ಕೂಗಾಟ ಎಂಜಿನ್ ಸದ್ದಿನಲ್ಲಿ ಕೇಳಿಸದು.

ಮುಂದಿನ ವಾಹನದಿಂದ ಕನಿಷ್ಠ ನಾಲ್ಕು ಸೆಕೆಂಡಿನ ಅಂತರ ಬಿಡಿ, ಮಳೆಯಲ್ಲಿ ಅದರ ದುಪ್ಪಟ್ಟು. ಇಳಿಜಾರು ಆರಂಭವಾಗುವ ಮುಂಚೆಯೇ ಗೇರ್ ಇಳಿಸಿ. ಎಂಜಿನ್ ತಡೆಯಲಿ, ಬ್ರೇಕ್ ಆಗಾಗ ಮಾತ್ರ. ಒಂದೇ ಸಮನೆ ಬ್ರೇಕ್ ಮೇಲೆ ಕಾಲಿಟ್ಟರೆ ಅದು ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ತಣಿಯಲು ಬಿಡಿ. ಕ್ಯಾರವಾನ್ ಅಲ್ಲಾಡತೊಡಗಿದರೆ ಬ್ರೇಕ್ ಒತ್ತಬೇಡಿ, ಸ್ಟೇರಿಂಗನ್ನು ಅತ್ತಿತ್ತ ತಿರುಗಿಸಬೇಡಿ. ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಮೇಲಿಂದ ಕಾಲನ್ನು ನಿಧಾನವಾಗಿ ತೆಗೆಯಿರಿ. ಟ್ರೇಲರಿಗೆ ಪ್ರತ್ಯೇಕ ಬ್ರೇಕ್ ಗುಂಡಿ ಇದ್ದರೆ ಅದನ್ನಷ್ಟೇ ಮೆಲ್ಲಗೆ ಒತ್ತಿ.

ಓಡುವ ಗಾಡಿಯಲ್ಲಿ ಯಾರೂ ಎದ್ದು ಓಡಾಡಬಾರದು. ಶೌಚಾಲಯ ಅಲ್ಲೇ ಇದ್ದರೂ ನಿಲ್ಲಿಸಿಯೇ ಹೋಗಬೇಕು, ಮಗು ನಿದ್ದೆ ಮಾಡುತ್ತಿದ್ದರೂ ಹಾಸಿಗೆಯಲ್ಲಿ ಅಲ್ಲ, ಬೆಲ್ಟ್ ಹಾಕಿದ ಆಸನದಲ್ಲಿ. ಇದರಲ್ಲಿ ರಿಯಾಯಿತಿ ಇಲ್ಲ.

ದಿನಕ್ಕೆ 250–300 ಕಿ.ಮೀ. ಸಾಕು. ಒಳ್ಳೆಯ ಹೆದ್ದಾರಿಯಲ್ಲೂ ನಿಲುಗಡೆಗಳು ಸೇರಿದರೆ ಗಂಟೆಗೆ ಸರಾಸರಿ 60 ಕಿ.ಮೀ. ಸಿಗುತ್ತದೆ, ಅಂದರೆ ಅದು ಐದು ಗಂಟೆಯ ದಾರಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಮಕ್ಕಳನ್ನು ಓಡಲು ಬಿಡಿ. ಮಧ್ಯಾಹ್ನ ಮೂರು, ಹೆಚ್ಚೆಂದರೆ ನಾಲ್ಕರೊಳಗೆ ತಂಗುದಾಣ ಸೇರಿ. ಹೊಸ ಜಾಗದಲ್ಲಿ ಕತ್ತಲಾದ ಮೇಲೆ ಗಾಡಿ ಹಿಂದಕ್ಕೆ ತೆಗೆಯುವುದು, ಹಸಿದ ಮಕ್ಕಳ ನಡುವೆ ಕೇಬಲ್ ಹುಡುಕುವುದು ಯಾರಿಗೂ ಬೇಡ. ಪ್ರತಿ ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ನಿಲ್ಲಿ. ಬಟ್ಟೆ ಒಗೆಯಲು, ಟ್ಯಾಂಕ್ ಖಾಲಿ ಮಾಡಲು, ಚಾಲಕರ ಬೆನ್ನಿಗೆ ಆ ದಿನ ಬೇಕು.

ನಿಲ್ಲಿಸುವುದು, ಮತ್ತೆ ಹೊರಡುವುದು

ಜಾಗಕ್ಕೆ ಬಂದೊಡನೆ ಮೊದಲು ನೆಲ ನೋಡಿ. ಫ್ರಿಜ್ ಮುಂದೆ ನೆಲದ ಮೇಲೆ ಮಟ್ಟದ ಪಟ್ಟಿ ಅಥವಾ ಫೋನಿನ ಮಟ್ಟ ಇಟ್ಟು, ಮೊದಲು ಎಡಬಲ, ನಂತರ ಹಿಂದುಮುಂದು ಸರಿಮಾಡಿ. ತಗ್ಗಿನ ಚಕ್ರದ ಮುಂದೆ ಇಳಿಜಾರು ದಿಂಡು ಇಟ್ಟು ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಮೂಲೆಯ ಆಸರೆ ಕಾಲುಗಳನ್ನು ಇಳಿಸುವುದು ಆಮೇಲೆ. ಅವು ಅಲ್ಲಾಟ ನಿಲ್ಲಿಸಲು ಮಾತ್ರ ಇವೆ, ಗಾಡಿ ಎತ್ತಲು ಅಲ್ಲ. ಎತ್ತಲು ಹೋದರೆ ಬಾಗುತ್ತವೆ. ಮಳೆ ಬರುವಂತಿದ್ದರೆ ಹುಲ್ಲಿನ ತಗ್ಗು ಭಾಗ ಬಿಟ್ಟು, ಹೊರಹೋಗುವಾಗ ಇಳಿಜಾರು ಸಿಗುವಂತೆ ಮುಖ ಮಾಡಿ ನಿಲ್ಲಿ.

ಆನಿಂಗ್‌ನ ಒಂದು ಮೂಲೆಯನ್ನು ತಗ್ಗಿಸಿ ಕಟ್ಟಿ. ಮಟ್ಟವಾಗಿದ್ದರೆ ಮಳೆನೀರು ನಡುವೆ ಕೆರೆಯಾಗಿ ನಿಂತು ಅದರ ತೋಳುಗಳನ್ನೇ ಮುರಿಯುತ್ತದೆ. ರಾತ್ರಿ ಮಲಗುವಾಗ, ಗಾಡಿ ಬಿಟ್ಟು ಸುತ್ತಾಡಲು ಹೋಗುವಾಗ ಸುತ್ತಿಡಿ. ಗಾಳಿ ಹೇಳಿಕೇಳಿ ಬರುವುದಿಲ್ಲ.

ರಾತ್ರಿ ಚಾವಣಿಯ ಗಾಳಿಕಿಂಡಿಯನ್ನು ಒಂದು ಬೆರಳಿನಷ್ಟಾದರೂ ತೆರೆದಿಡಿ. ನಾಲ್ವರ ಉಸಿರು ಮತ್ತು ಮೈಯಿಂದ ಬೆಳಗಿನೊಳಗೆ ಒಂದು ಲೀಟರಿನ ಆಸುಪಾಸು ನೀರು ಆವಿಯಾಗಿ ಹೊರಬರುತ್ತದೆ. ಎಲ್ಲ ಮುಚ್ಚಿದ್ದರೆ ಅದು ಗಾಜಿನ ಮೇಲೆ, ಹಾಸಿಗೆಯ ಕೆಳಗೆ ಇಳಿದು ಬೂಷ್ಟು ಹಿಡಿಸುತ್ತದೆ.

ಬೆಳಿಗ್ಗೆ ಹೊರಡುವಾಗ ಕೆಲಸಗಳನ್ನು ಮನೆಮಂದಿಗೆ ಹಂಚಿ, ಪ್ರತಿದಿನ ಅದೇ ಕೆಲಸ ಅದೇ ವ್ಯಕ್ತಿಗೆ ಇರಲಿ. ಮಕ್ಕಳಿಗೆ ಕಿಟಕಿ, ಗಾಳಿಕಿಂಡಿ, ಕಪಾಟಿನ ಚಿಲಕ, ಫ್ರಿಜ್ ಬಾಗಿಲು ಕೊಡಿ. ಅವರು ಇದನ್ನು ದೊಡ್ಡವರಿಗಿಂತ ಕಟ್ಟುನಿಟ್ಟಾಗಿ ಮಾಡುತ್ತಾರೆ. ಒಬ್ಬರು ಹೊರಗಿನದು ನೋಡಲಿ: ಕೇಬಲ್, ನೀರಿನ ಪೈಪು, ಗ್ಯಾಸ್ ಕವಾಟ, ಬಳಸಿದ ನೀರಿನ ಕವಾಟ, ಆಸರೆ ಕಾಲು, ಅಡ್ಡಗಟ್ಟೆ, ಮೆಟ್ಟಿಲು, ಆಂಟೆನಾ. ಚಾಲಕರು ಕೀಲಿ ತಿರುಗಿಸುವ ಮುಂಚೆ ಗಾಡಿಯನ್ನು ಒಂದು ಸುತ್ತು ನಡೆದು, ಮೇಲೆ, ಕೆಳಗೆ, ನಾಲ್ಕೂ ಟೈರು ನೋಡಬೇಕು. ಈ ಸುತ್ತಿನ ನಡುವೆ ಯಾರಾದರೂ ಮಾತಿಗೆಳೆದರೆ ಮತ್ತೆ ಮೊದಲಿನಿಂದ ಶುರುಮಾಡಿ. ಹೊರಟು ಐದು ನಿಮಿಷಕ್ಕೆ ಒಮ್ಮೆ ನಿಲ್ಲಿಸಿ ಒಳಗೆ ಸದ್ದು ಮಾಡುವುದೇನು ಎಂದು ಹುಡುಕಿ, ಪಾತ್ರೆಗಳ ನಡುವೆ ಒಂದು ಬಟ್ಟೆ ತುರುಕಿ.

ಮರಳಿ ಬಂದ ಮೇಲೆ

ಅಂದೇ ಆಗಬೇಕಾದ ಕೆಲಸ ಟ್ಯಾಂಕುಗಳದು. ಮೂರನ್ನೂ ಬಾಯ್ಲರ್ ಸಮೇತ ಖಾಲಿ ಮಾಡಿ. ಹೆಪ್ಪುಗಟ್ಟುವ ಚಳಿಯ ಪ್ರದೇಶವಾದರೆ ನಲ್ಲಿಗಳ ಹಿಡಿಕೆಯನ್ನು ಬಿಸಿ-ತಣ್ಣನೆಯ ನಡುವೆ ತೆರೆದಿಡಿ, ಉಳಿದ ನೀರು ಹಿಗ್ಗಿದರೂ ಕೊಳವೆ ಒಡೆಯುವುದಿಲ್ಲ. ಕ್ಯಾಸೆಟ್ ತೊಳೆದು, ಅದರ ರಬ್ಬರ್ ಅಂಚಿಗೆ ಸಿಲಿಕೋನ್ ಹಚ್ಚಿ, ಮುಚ್ಚಳ ತೆರೆದ ಸ್ಥಿತಿಯಲ್ಲಿಡಿ. ಅಡುಗೆ ಎಣ್ಣೆ, ವ್ಯಾಸಲಿನ್ ಹಚ್ಚಿದರೆ ರಬ್ಬರ್ ಹಾಳಾಗುತ್ತದೆ. ಒದ್ದೆ ಆನಿಂಗ್ ಸುತ್ತಿ ತಂದಿದ್ದರೆ ಮರುದಿನವೇ ಬಿಚ್ಚಿ ಒಣಗಿಸಿ. ಸೀಸದ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ತಿಂಗಳಿಗೊಮ್ಮೆ ಮತ್ತೆ ತುಂಬಿಸುತ್ತಿರಿ. ಲಿಥಿಯಂ ಆದರೆ ಅರ್ಧದಷ್ಟು ತುಂಬಿಸಿ ಬಿಚ್ಚಿಡಿ. ಸಿಲಿಂಡರ್ ಕವಾಟ ಮುಚ್ಚಿ, ಫ್ರಿಜ್ ಒರೆಸಿ, ಅದರ ಬಾಗಿಲ ಸಂದಿಗೆ ಒಂದು ಬಟ್ಟೆಯ ಸುರುಳಿ ಸಿಕ್ಕಿಸಿ ಬಿಟ್ಟರೆ ಒಳಗೆ ವಾಸನೆ ಕಟ್ಟುವುದಿಲ್ಲ.